ಏಳನೇ ತರಗತಿ ಮಕ್ಕಳ ಜೊತೆ ಕೊಂಡಜ್ಜಿಯಲ್ಲಿ ಒಂದು ರಾತ್ರಿ

ನಮ್ಮದು ದಾವಣಗೆರೆ ಸೀಮೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಏಳನೇ ತರಗತಿ ಮುಗಿದರೆ ಮಕ್ಕಳು ಹರಿಹರ, ದಾವಣಗೆರೆ, ಹಾಸ್ಟೆಲ್ ಅಂತ ಚದುರಿ ಹೋಗುತ್ತಾರೆ. ಅದಕ್ಕೂ ಮುಂಚೆ ಒಂದು ರಾತ್ರಿ ಎಲ್ಲರೂ ಒಟ್ಟಿಗೆ ಬಯಲಲ್ಲಿ ಇರಬೇಕು ಅನ್ನುವುದು ನನ್ನ ಆಸೆಯಾಗಿತ್ತು. ಬಸ್ಸಿನಲ್ಲಿ ಊರೂರು ಸುತ್ತಿದರೆ ಮಕ್ಕಳು ನೋಡಿ ಬರುತ್ತಾರೆ, ಅಷ್ಟೆ. ಶಿಬಿರದಲ್ಲಿ ಅಡುಗೆಯೂ ಅವರದೇ, ಕಾವಲೂ ಅವರದೇ. ಹನ್ನೆರಡು ಹದಿಮೂರರ ವಯಸ್ಸಿಗೆ ಅದು ಬೇಕೇ ಬೇಕು.

ಆರಿಸಿಕೊಂಡ ಜಾಗ ಹರಿಹರ ತಾಲ್ಲೂಕಿನ ಕೊಂಡಜ್ಜಿ. ಕೆರೆ, ಗುಡ್ಡ, ಕಾಡು ಮೂರೂ ಅಲ್ಲಿವೆ. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನವರ ಶಿಬಿರ ಕೇಂದ್ರವೂ ಇದೆ. ರಾಜ್ಯದಲ್ಲಿ ಸ್ಕೌಟ್ಸ್ ಬೆಳೆಸಲು ದುಡಿದ ಕೊಂಡಜ್ಜಿ ಬಸಪ್ಪನವರ ಊರು ಅದು. ಹೋಗಿದ್ದು ಡಿಸೆಂಬರಿನಲ್ಲಿ. ಮಳೆಯ ಕಾಟ ಇಲ್ಲ, ಪರೀಕ್ಷೆಯೂ ದೂರ.

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಒಪ್ಪಿಗೆ ಕಾಗದದಲ್ಲಿ ಮುಗಿದವು. ಹೆಣ್ಣುಮಕ್ಕಳ ಮನೆಯವರನ್ನು ಒಪ್ಪಿಸಲು ಮಾತ್ರ ನಾನೇ ಮನೆ ಮನೆಗೆ ಹೋದೆ. "ಟೀಚರಮ್ಮಾ, ಬೆಳೆದ ಹುಡುಗೀನ ಕಾಡಲ್ಲಿ ಮಲಗಿಸ್ತೀರಾ?" ಅಂತ ಒಬ್ಬ ಅಜ್ಜಿ ಕೇಳಿದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಎಲ್ಲಿ ಮಲಗುತ್ತಾರೆ, ಶೌಚಾಲಯ ಎಷ್ಟು ದೂರ, ರಾತ್ರಿ ಎದ್ದರೆ ಜೊತೆಗೆ ಯಾರು, ಮುಟ್ಟಾದರೆ ಏನು ಮಾಡೋದು, ಎಲ್ಲವನ್ನೂ ತಾಯಂದಿರ ಸಭೆಯಲ್ಲಿ ಬಿಡಿಸಿ ಹೇಳಿದೆ. ಪ್ಯಾಡು, ಬಿಸಿನೀರಿನ ಚೀಲ, ಒಂದೊಂದು ಜೊತೆ ಹೆಚ್ಚಿನ ಬಟ್ಟೆ ನನ್ನ ಬ್ಯಾಗಿನಲ್ಲೇ ಇರುತ್ತವೆ ಅಂದೆ. ಇಬ್ಬರು ತಾಯಂದಿರನ್ನು ಜೊತೆಗೆ ಬರಲು ಕರೆದೆ. ಅವರು ಹೊರಟಿದ್ದೇ ತಡ, ಉಳಿದ ಮನೆಗಳಿಂದಲೂ ಸಹಿ ಬಂತು. ಶಿಬಿರ ಮಾಡಬೇಕೆನ್ನುವ ಶಿಕ್ಷಕರಿಗೆ ನಾನು ಮೊದಲು ಹೇಳುವುದು ಇದನ್ನೇ: ತಾಯಂದಿರ ಪ್ರಶ್ನೆಗೆ ನಾಚಿಕೊಳ್ಳದೆ ಉತ್ತರ ಕೊಡಿ.

ತಯಾರಿ ಶಾಲೆಯ ಅಂಗಳದಲ್ಲೇ ನಡೆಯಿತು. ನಮ್ಮ ಕಡೆ ಮೆಕ್ಕೆಜೋಳ ಒಣಗಿಸಲು ಮನೆ ಮನೆಯಲ್ಲೂ ತಾಡಪಾಲು ಇರುತ್ತದೆ. ಅವೇ ನಮ್ಮ ಟೆಂಟು. ಎರಡು ಮರಗಳ ನಡುವೆ ಹಗ್ಗ ಬಿಗಿದು ಮೇಲೆ ತಾಡಪಾಲು ಹಾಕುವುದು, ಮರಕ್ಕೆ ಹಗ್ಗ ಕಟ್ಟಲು ಕ್ಲೋವ್ ಹಿಚ್ ಅನ್ನುವ ಗಂಟು, ಒಂದೇ ದಪ್ಪದ ಎರಡು ಹಗ್ಗ ಸೇರಿಸಲು ರೀಫ್ ನಾಟ್ ಅನ್ನುವ ಗಂಟು. ಗೂಟ ಹೊಡೆಯುವಾಗ ಅದರ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು, ಇಲ್ಲದಿದ್ದರೆ ಹಗ್ಗ ಜಾರುತ್ತದೆ. ಎಮ್ಮೆ ಕಟ್ಟಿ ಅಭ್ಯಾಸವಿದ್ದ ಹುಡುಗರು ಇದನ್ನು ನನಗಿಂತ ಬೇಗ ಕಲಿತು ಉಳಿದವರಿಗೂ ಕಲಿಸಿದರು. ಓದಿನಲ್ಲಿ ಹಿಂದೆ ಇದ್ದ ಒಬ್ಬ ಹುಡುಗ ಆ ವಾರವೆಲ್ಲ ಅಂಗಳದ ಮೇಷ್ಟ್ರಾಗಿದ್ದ. ಅವನ ಮುಖ ನೋಡಬೇಕಿತ್ತು!

ಮಧ್ಯಾಹ್ನ ಕೊಂಡಜ್ಜಿ ತಲುಪಿ, ಮೂಡಣ ಗಾಳಿಗೆ ಬೆನ್ನು ಮಾಡಿ ಟೆಂಟು ಹಾಕಿದೆವು. ಆಮೇಲೆ ದಿಕ್ಸೂಚಿ ಆಟ. ಮೊದಲು 100 ಮೀಟರ್ ಟೇಪು ಹಾಸಿ, ಎಷ್ಟು ಹೆಜ್ಜೆ ಆಗುತ್ತದೆ ಅಂತ ಪ್ರತಿಯೊಬ್ಬರೂ ಎಣಿಸಿಕೊಂಡರು. ನಂತರ, ಯಾವ ದಿಕ್ಕಿಗೆ ಎಷ್ಟು ದೂರ ಹೋಗಿ ಹುಡುಕಬೇಕು ಅಂತ ಬರೆದ ಚೀಟಿ (ಡಿಗ್ರಿಯನ್ನು ಉತ್ತರದಿಂದ ಬಲಕ್ಕೆ ಎಣಿಸಬೇಕು): "ಈ ಕಲ್ಲಿನಿಂದ 60 ಡಿಗ್ರಿ ದಿಕ್ಕಿಗೆ 80 ಮೀಟರ್." ದಿಕ್ಕು ಬರೀ 5 ಡಿಗ್ರಿ ತಪ್ಪಿದರೂ 100 ಮೀಟರಿಗೆ ಸುಮಾರು 9 ಮೀಟರ್ ಆಚೆ ಹೋಗಿರುತ್ತೇವೆ. ಎರಡು ಗುಂಪು ಬೇರೆ ಪೊದೆಗಳಲ್ಲಿ ಹುಡುಕಿ ಹುಡುಕಿ ಸಾಕಾಗಿ ವಾಪಸ್ ಬಂದು ಮತ್ತೆ ಅಳೆದವು. ಕೋನಮಾಪಕ ಯಾಕೆ ಬೇಕು ಅಂತ ಆಮೇಲೆ ಯಾರೂ ಕೇಳಲಿಲ್ಲ.

ಸಂಜೆಗೆ ಮಂಡಕ್ಕಿ ಒಗ್ಗರಣೆ, ರಾತ್ರಿಗೆ ಅನ್ನ ಸಾರು. ಡಿಸೆಂಬರಿನಲ್ಲಿ ಹುಲ್ಲು ಒಣಗಿರುತ್ತದೆ. ಅದಕ್ಕೇ ಕೇಂದ್ರದವರು ತೋರಿಸಿದ ಜಾಗದಲ್ಲಿ ಮಾತ್ರ ಒಲೆ ಹೂಡಿದೆವು. ಸುತ್ತ ಹುಲ್ಲು ಕೆರೆದು, ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟೆವು. ಕೆರೆಗೆ ಯಾರೂ ಇಳಿಯುವ ಹಾಗಿಲ್ಲ. ಕತ್ತಲಾದ ಮೇಲೆ ಟಾರ್ಚು, ಚಪ್ಪಲಿ ಇಲ್ಲದೆ ಹೆಜ್ಜೆ ಇಡುವಂತಿಲ್ಲ, ಕಂಬಳಿ ಕೊಡವದೆ ಮಲಗುವಂತಿಲ್ಲ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು; ಆ ಭಾಗ ಅಲುಗಾಡದಂತೆ ನೋಡಿಕೊಂಡು ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. ಇದನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದೆ. 108 ಇದ್ದರೂ, ಒಂದು ಗಾಡಿ ಚಾಲಕನ ಸಮೇತ ರಾತ್ರಿಯಿಡೀ ನಮ್ಮ ಹತ್ತಿರವೇ ಇತ್ತು.

ಊಟದ ಮೇಲೆ ಟಾರ್ಚು ಆರಿಸಿ ಆಕಾಶ ನೋಡಿದೆವು. ನಮ್ಮ ಮಕ್ಕಳಿಗೆ ಕೃತ್ತಿಕಾ, ರೋಹಿಣಿ, ಮೃಗಶಿರ ಎಂದರೆ ಮಳೆಗಳು. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಅಂತ ಮನೆಯಲ್ಲಿ ಕೇಳಿಯೇ ಇರುತ್ತಾರೆ. ಡಿಸೆಂಬರ್ ರಾತ್ರಿ ಈ ಮೂರೂ ಒಟ್ಟಿಗೆ ಕಾಣುತ್ತವೆ. ಚಿಕ್ಕ ಗೊಂಚಲು ಕೃತ್ತಿಕಾ, ಕೆಂಪಗಿರುವುದು ರೋಹಿಣಿ, ಅದರ ಕೆಳಗೆ ಪೂರ್ವಕ್ಕೆ ಮೃಗಶಿರ. ಸೂರ್ಯ ಆ ನಕ್ಷತ್ರದ ಕಡೆಗೆ ಬಂದಾಗಿನ ಮಳೆಗೆ ಅದರ ಹೆಸರು ಅಂದೆ. "ಹಾಗಾದ್ರೆ ರೋಹಿಣಿ ಮಳೆ ಹೊತ್ತಿಗೆ ರೋಹಿಣಿ ಕಾಣಲ್ವಾ ಟೀಚರ್?" ಅಂತ ಒಬ್ಬಳು ಕೇಳಿದಳು. ಕಾಣುವುದಿಲ್ಲ, ಸೂರ್ಯನ ಬೆಳಕಲ್ಲಿ ಮುಚ್ಚಿರುತ್ತದೆ. ಪ್ರಶ್ನೆಯಲ್ಲೇ ಅವಳು ಉತ್ತರ ಹಿಡಿದಿದ್ದಳು.

ಕಾವಲಿಗೆ ಇಬ್ಬಿಬ್ಬರು, ಗಂಟೆಗೊಂದು ಪಾಳಿ, ಜೊತೆಗೆ ಒಬ್ಬ ಶಿಕ್ಷಕರು ಎದ್ದಿರಲೇಬೇಕು. ಹುಡುಗಿಯರಿಗೂ ಸರಿಪಾಳಿ. ಕೆರೆ ಕಡೆ ಟಿಟ್ಟಿಭ ಕೂಗಿದರೆ ಮೊದಲು ಎಲ್ಲರೂ ಬೆಚ್ಚುತ್ತಿದ್ದರು. ಏನಾದರೂ ಹತ್ತಿರ ಸುಳಿದರೆ ಆ ಹಕ್ಕಿ ರಾತ್ರಿಯೂ ಕೂಗುತ್ತದೆ ಅಂತ ಗೊತ್ತಾದ ಮೇಲೆ ಅದನ್ನೂ ತಮ್ಮ ಕಾವಲಿಗೆ ಸೇರಿಸಿಕೊಂಡರು.

ದುಡ್ಡಿನ ವಿಷಯ. ತಲೆಗಿಷ್ಟು ಅಂತ ವಸೂಲಿ ಮಾಡಿದರೆ ಕೂಲಿ ಮನೆಯ ಮಕ್ಕಳು "ನಂಗೆ ಇಷ್ಟ ಇಲ್ಲ ಟೀಚರ್" ಅಂತ ಹಿಂದೆ ಸರಿಯುತ್ತಾರೆ. ಹಾಗಾಗಿ ತರಗತಿಯಲ್ಲಿ ದುಡ್ಡಿನ ಮಾತನ್ನೇ ಎತ್ತಲಿಲ್ಲ. ಅಕ್ಕಿ, ಬೇಳೆ, ಈರುಳ್ಳಿ, ಮಂಡಕ್ಕಿ ಮನೆಗಳಿಂದ ಬಂದವು, ಯಾರಿಗೆ ಏನು ಆಗುತ್ತದೋ ಅದು. ಎಲ್ಲವನ್ನೂ ಒಂದೇ ಮೂಟೆಗೆ ಸುರಿದೆವು. ಗಾಡಿ ಬಾಡಿಗೆಯನ್ನು ಶಿಕ್ಷಕರು ಮತ್ತು ಎಸ್‌ಡಿಎಂಸಿಯವರು ಹಂಚಿಕೊಂಡೆವು. ತರಗತಿಯ ಒಂದು ಮಗುವೂ ಊರಲ್ಲಿ ಉಳಿಯಲಿಲ್ಲ.