ಹೊಸ ಕೊಲ್ಹಾಪುರಿ ಕಚ್ಚುತ್ತಿದೆಯಾ? ಪಳಗಿಸುವುದು ಹೀಗೆ

ನಾದಿನಿಯ ಮದುವೆಗೆಂದು ಚಿಕ್ಕೋಡಿಗೆ ಹೋದವನು, ಹಿಂದಿನ ದಿನ ಸಂಜೆ ಪೇಟೆಯಲ್ಲಿ ಒಂದು ಜೊತೆ ಕೊಲ್ಹಾಪುರಿ ಚಪ್ಪಲಿ ತಗೊಂಡೆ. ಧೋತರದ ಜೊತೆ ಚೆನ್ನಾಗಿ ಕಾಣುತ್ತೆ ಅನ್ನೋ ಆಸೆ. ಬೆಳಿಗ್ಗೆ ಆರಕ್ಕೆ ಹಾಕಿಕೊಂಡೆ, ಎಂಟಕ್ಕೆಲ್ಲ ಕುಂಟುತ್ತಿದ್ದೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಚಪ್ಪಲಿ ಕುರ್ಚಿಯ ಕೆಳಗಿತ್ತು, ನಾನು ಬರಿಗಾಲಲ್ಲಿದ್ದೆ. ಆ ಮದುವೆಯ ಫೋಟೊಗಳಲ್ಲಿ ಇವತ್ತಿಗೂ ನಾನು ಕೊಕ್ಕರೆಯ ಹಾಗೆ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದೇನೆ.

ಮಾವ ನನ್ನ ಕಾಲು ನೋಡಿ ನಕ್ಕರು. "ಅಳಿಯಂದ್ರ, ಹೊಸಾ ಚಪ್ಪಲ್ಲಿಗೆ ಮೊದ್ಲ ನಿಮ್ಮ ಕಾಲಿನ ಗುರ್ತಾ ಆಗಬೇಕ್ರಿ" ಅಂದರು.

ಆ ಗುರುತು ಮಾಡಿಸುವುದು ಹೇಗೆ ಅನ್ನೋದನ್ನು ಆಮೇಲೆ ಅವರಿಂದಲೇ ಕಲಿತೆ. ಎರಡು ವಾರದ ಕೆಲಸ. ಕಷ್ಟವೇನಿಲ್ಲ, ಅವಸರ ಮಾಡಬಾರದು ಅಷ್ಟೆ.

ಇಷ್ಟು ಕಡಕ್ ಯಾಕೆ?

ಕೊಲ್ಹಾಪುರಿ ಅಂತ ಹೆಸರಿದ್ದರೂ ಇದು ಅರ್ಧ ನಮ್ಮದೇ ಚಪ್ಪಲಿ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆ ತಲೆಮಾರುಗಳಿಂದ ಮಾಡುತ್ತಾ ಬಂದಿದ್ದಾರೆ. 2018ರಲ್ಲಿ ಸಿಕ್ಕ ಜಿಐ ಗುರುತು, ಅಂದರೆ ಇದು ಇಂಥ ಊರಿನದೇ ಸರಕು ಅನ್ನೋ ಸರ್ಕಾರಿ ಮಾನ್ಯತೆ, ಮಹಾರಾಷ್ಟ್ರದ 4 ಮತ್ತು ಕರ್ನಾಟಕದ 4 ಜಿಲ್ಲೆಗಳಿಗೆ ಜಂಟಿಯಾಗಿ ಸೇರಿದ್ದು. ನಮ್ಮ ಕಡೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಶೋನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಮೂಲ ಹೇಳದೆ ಇಂಥದೇ ಚಪ್ಪಲಿ ತೋರಿಸಿ ಗದ್ದಲ ಆಯಿತಲ್ಲ, ಆಗಲೂ ಎಲ್ಲರ ಬಾಯಲ್ಲಿ ಕೊಲ್ಹಾಪುರವೇ. ಅಥಣಿಯನ್ನು ನೆನೆದವರು ಕಡಿಮೆ. ಇರಲಿ.

ಇದರ ಅಟ್ಟೆ, ಅಂದರೆ ಅಡಿಭಾಗ, ಸಾಮಾನ್ಯವಾಗಿ ಎಮ್ಮೆ ತೊಗಲಿನದು. ಸುಣ್ಣದ ನೀರಲ್ಲಿ ನೆನೆಹಾಕಿ ಕೂದಲು ತೆಗೆದ ಮೇಲೆ ತೊಗಲನ್ನು ಚೀಲದ ಹಾಗೆ ಹೊಲಿದು ನೇತುಹಾಕುತ್ತಾರೆ. ಅದರೊಳಗೆ ಜಾಲಿ ತೊಗಟೆ, ಅಳಲೆಕಾಯಿ ಹಾಕಿದ ಕಷಾಯ ತುಂಬುತ್ತಾರೆ. ಅದು ನಿಧಾನಕ್ಕೆ ತೊಗಲಿನ ಮೂಲಕ ಒಸರುತ್ತಾ ಹದ ಮಾಡುತ್ತದೆ. ಎಳೆ ಅಡಿಕೆ ಅಗಿದಾಗ ನಾಲಿಗೆ ಬಿಗಿ ಹಿಡಿದ ಹಾಗೆ ಆಗುತ್ತಲ್ಲ, ಆ ಒಗರೇ ಇಲ್ಲೂ ಕೆಲಸ ಮಾಡುವುದು. ತೊಗಲಿನ ನಾರುಗಳನ್ನು ಹಿಡಿದು ಬಿಗಿಯುತ್ತದೆ, ಕೊಳೆಯದಂತೆ ಕಾಯುತ್ತದೆ.

ಅಂಗಡಿಯ ಮೆತ್ತನೆ ಶೂ, ಜಾಕೆಟ್‌ಗಳ ಚರ್ಮ ಹೆಚ್ಚಾಗಿ ಕ್ರೋಮ್ ಉಪ್ಪಿನಲ್ಲಿ ಹದವಾದದ್ದು. ಮೊದಲ ದಿನವೇ ಹಿತವಾಗಿರುತ್ತದೆ. ತೊಗಟೆಯಲ್ಲಿ ಹದವಾದ ತೊಗಲು ಹಾಗಲ್ಲ, ಹಲಗೆಯ ಹಾಗಿರುತ್ತದೆ. ಆದರೆ ಅದಕ್ಕೊಂದು ಗುಣ ಇದೆ. ಸ್ವಲ್ಪ ತೇವ, ಸ್ವಲ್ಪ ಬಿಸಿ ತಾಗಿದರೆ ಒತ್ತಿದ ಆಕಾರಕ್ಕೆ ಬಗ್ಗುತ್ತದೆ, ಒಣಗಿದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ನಾಲ್ಕು ತಿಂಗಳು ಹಾಕಿದ ಕೊಲ್ಹಾಪುರಿಯ ಮೇಲೆ ಬೆರಳಾಡಿಸಿ ನೋಡಿ. ಐದೂ ಬೆರಳಿಗೆ ಐದು ಗುಂಡಿ, ಹಿಮ್ಮಡಿಗೊಂದು ತಟ್ಟೆ. ಆ ತೇವವೂ ಬಿಸಿಯೂ ನಿಮ್ಮ ಕಾಲಿನದೇ. ಚಪ್ಪಲಿ ಪಳಗಿಸುವುದು ಅಂದರೆ ಕಾಲಿನ ಬೆವರಿಗೆ ಸಮಯ ಕೊಡುವುದು. ಎಣ್ಣೆ, ಮೇಣ ಎಲ್ಲ ಬರೀ ಸಹಾಯಕ್ಕೆ.

ಕೊಳ್ಳುವಾಗಲೇ ಅರ್ಧ ಕೆಲಸ

ಸಂಜೆ ಹೊತ್ತು ಹೋಗಿ ಕೊಳ್ಳಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಬೆಳಿಗ್ಗೆ ಸರಿ ಅನ್ನಿಸಿದ್ದು ಸಂಜೆಗೆ ಹಿಂಡುತ್ತದೆ.

ಪಟ್ಟಿ ಸ್ವಲ್ಪ ಬಿಗಿಯಾಗಿಯೇ ಇರಲಿ, ಅದು ಸಡಿಲವಾಗುತ್ತದೆ. ಉದ್ದ ಮಾತ್ರ ಒಂದು ನೂಲೂ ಬೆಳೆಯುವುದಿಲ್ಲ. ಹಿಮ್ಮಡಿ ಹೊರಗೆ ಇಣುಕುತ್ತಿದ್ದರೆ ಆ ಜೊತೆ ಬಿಡಿ. "ಹಾಕ್ತಾ ಹಾಕ್ತಾ ಸರಿಹೋಗುತ್ತೆ" ಅಂತ ಅಂಗಡಿಯವರು ಹೇಳುವುದು ಅಗಲದ ವಿಷಯದಲ್ಲಿ ನಿಜ, ಉದ್ದದ ವಿಷಯದಲ್ಲಿ ಸುಳ್ಳು.

ಉಂಗುಷ್ಟ, ಅಂದರೆ ಹೆಬ್ಬೆರಳು ತೂರಿಸುವ ತೊಗಲಿನ ಬಳೆ, ಇರುವ ಮಾದರಿಯಾದರೆ ಹೆಬ್ಬೆರಳು ಬುಡದವರೆಗೆ ನೇರವಾಗಿ ಹೋಗಬೇಕು. ಬೆರಳು ಓರೆಯಾಗಿ ತಿರುಗಿದರೆ ಎಷ್ಟು ಪಳಗಿಸಿದರೂ ಅಷ್ಟೇ.

ತೊಗಲಿನದೋ ರೆಕ್ಸಿನ್ನೋ ಅಂತಲೂ ನೋಡಿಕೊಳ್ಳಿ. ಅಟ್ಟೆಯ ಅಂಚಿನಲ್ಲಿ ನಾರು ನಾರು ಕಾಣಬೇಕು. ಅಟ್ಟೆಯ ಪದರಗಳನ್ನು ತೊಗಲಿನ ದಾರದಲ್ಲೇ ಹೊಲಿದಿರಬೇಕು, ಮೊಳೆ ಇರಬಾರದು. ತಳದಲ್ಲಿ ಒಂದು ಹನಿ ನೀರು ಬಿಟ್ಟರೆ ನಿಧಾನಕ್ಕೆ ಇಂಗಬೇಕು. ರೆಕ್ಸಿನ್‌ಗೆ ಕೆಳಗೆ ಹೇಳುವ ಯಾವ ಉಪಾಯವೂ ನಾಟುವುದಿಲ್ಲ.

ಮೊದಲು ಅಂಚು

ಚಪ್ಪಲಿ ಕಚ್ಚುವುದು ಪಟ್ಟಿಯ ಮಧ್ಯದಲ್ಲಿ ಅಲ್ಲ, ಅದರ ಅಂಚಿನಲ್ಲಿ. ಕತ್ತಿಯಲ್ಲಿ ಕೊಯ್ದ ತೊಗಲಿನ ಅಂಚು ಚೂಪಾಗಿರುತ್ತದೆ. ಇದನ್ನು ಯಾರೂ ಗಮನಿಸುವುದಿಲ್ಲ. ಎಲ್ಲರೂ ಎಣ್ಣೆ ಬಾಟಲಿ ಹುಡುಕಲು ಓಡುತ್ತಾರೆ. ನನ್ನ ಅನುಭವದಲ್ಲಿ ಗುಳ್ಳೆ ತಪ್ಪಿಸುವುದರಲ್ಲಿ ಎಣ್ಣೆಗಿಂತ ಇದೇ ಮೇಲು.

ಕಣ್ಣು ಮುಚ್ಚಿ ಉಂಗುಷ್ಟದ ಒಳಗೆ, ಪಟ್ಟಿಯ ಎರಡೂ ಬದಿಗೆ ತೋರುಬೆರಳು ಆಡಿಸಿ. ಎಲ್ಲಿ ಚುರ್ ಅನ್ನುತ್ತದೋ ಅಲ್ಲಿ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ ಇಡಿ. ಒದ್ದೆ ಬಟ್ಟೆಯ ತುದಿಯಿಂದ ಆ ಅಂಚನ್ನಷ್ಟೇ ತೇವ ಮಾಡಿ. ಈಗ ಸ್ಟೀಲ್ ಚಮಚ ತಗೊಂಡು ಅದರ ಬೆನ್ನಿನಿಂದ ಒತ್ತಿ ತಿಕ್ಕಿ. ಉಂಗುಷ್ಟದ ಒಳಗೆ ಚಮಚ ಹೋಗದಿದ್ದರೆ ಅದರ ಹಿಡಿ ಬಳಸಿ. ಐದು ನಿಮಿಷದಲ್ಲಿ ಅಂಚು ಗುಂಡಗಾಗಿ ಹೊಳೆಯಲು ಶುರುವಾಗುತ್ತದೆ. ಒಣಗಿದ ಮೇಲೆ ಜೇನುಮೇಣ ಇದ್ದರೆ ಒಂದು ಸಲ ಉಜ್ಜಿ ಮತ್ತೆ ತಿಕ್ಕಿ. ಮೇಣ ಇಲ್ಲದಿದ್ದರೂ ನಡೆಯುತ್ತದೆ.

ಅಟ್ಟೆಯನ್ನೂ ಸ್ವಲ್ಪ ಆಡಿಸಬಹುದು. ಒಂದು ಕೈಯಲ್ಲಿ ತುದಿ, ಇನ್ನೊಂದರಲ್ಲಿ ಹಿಮ್ಮಡಿ ಹಿಡಿದು, ನಡೆಯುವಾಗ ಪಾದ ಮಡಚುವ ಜಾಗದಲ್ಲಿ ಮೆಲ್ಲಗೆ ಬಗ್ಗಿಸಿ ಬಿಡಿ. ಹದಿನೈದಿಪ್ಪತ್ತು ಸಲ ಸಾಕು. ಚಪಾತಿಯ ಹಾಗೆ ಮಡಚಬೇಡಿ, ಒಣ ತೊಗಲು ಬಿರುಕು ಬಿಡುತ್ತದೆ.

ಎಣ್ಣೆ: ಯಾವುದು, ಎಲ್ಲಿಗೆ, ಎಷ್ಟು

ಯಾವುದು ಅಂದರೆ ಹರಳೆಣ್ಣೆ. ದಪ್ಪ ಇರುವುದರಿಂದ ಹಚ್ಚಿದಲ್ಲೇ ನಿಲ್ಲುತ್ತದೆ, ಬೇಗ ಕಮಟು ವಾಸನೆ ಬರುವುದಿಲ್ಲ. ಕೊಬ್ಬರಿ ಎಣ್ಣೆಯೂ ಆದೀತು. ಅಗಸೆ ಎಣ್ಣೆ, ಕುಸುಬೆ ಎಣ್ಣೆ ಮಾತ್ರ ಬೇಡವೇ ಬೇಡ. ಉತ್ತರ ಕರ್ನಾಟಕದ ಅಡುಗೆಮನೆಗಳಲ್ಲಿ ಇವು ಸುಲಭಕ್ಕೆ ಕೈಗೆ ಸಿಗುತ್ತವೆ, ಅದಕ್ಕೇ ಹೇಳುತ್ತಿದ್ದೇನೆ. ಇವು ಗಾಳಿಗೆ ಒಣಗಿ ಪದರ ಕಟ್ಟುವ ಎಣ್ಣೆಗಳು. ಬಣ್ಣದ ಕೆಲಸಕ್ಕೆ ಅಗಸೆ ಎಣ್ಣೆ ಬಳಸುವುದು ಅದೇ ಕಾರಣಕ್ಕೆ. ಚಪ್ಪಲಿಗೆ ಹಚ್ಚಿದರೆ ಮೊದಲು ಅಂಟಂಟು, ಆಮೇಲೆ ಇನ್ನೂ ಕಡಕ್.

ಎಲ್ಲಿಗೆ ಅಂದರೆ ಪಟ್ಟಿಯ ಒಳಮೈಗೆ, ಅಂದರೆ ಚರ್ಮಕ್ಕೆ ತಾಗುವ ಒರಟು ಬದಿಗೆ. ಉಂಗುಷ್ಟದ ಒಳಗೆ. ಪಟ್ಟಿ ಅಟ್ಟೆಗೆ ಸೇರುವ ಎರಡು ಕಿವಿಗಳ ಹತ್ತಿರ. ಪಾದ ಊರುವ ಜಾಗಕ್ಕೆ ಹಚ್ಚಬೇಡಿ. ಕಾಲು ಜಾರುತ್ತದೆ, ಧೂಳೆಲ್ಲ ಕೂತು ಕರಿ ಮೇಣವಾಗುತ್ತದೆ. ಜರಿ, ಗೊಂಡೆ, ಹೆಣಿಗೆ ಇರುವ ಕಡೆಗೂ ಬೇಡ. ಎಣ್ಣೆ ತಾಗಿದಲ್ಲಿ ಬಣ್ಣ ಗಾಢವಾಗುತ್ತದೆ ಅನ್ನೋದು ನೆನಪಿರಲಿ. ಮೊದಲು ಕಾಣದ ಮೂಲೆಯಲ್ಲಿ ಒಂದು ಹನಿ ಹಚ್ಚಿ ನೋಡಿಕೊಳ್ಳುವುದು ಒಳ್ಳೆಯದು.

ಎಷ್ಟು ಅನ್ನುವುದಕ್ಕೆ ಮಾವನ ಜೊತೆ ಹೋಗಿ ಕೇಳಿದಾಗ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಹೇಳಿದ ಮಾತು ಸಾಕು: "ಎಣ್ಣಿ ಹಚ್ರಿ ಸಾಹೇಬ್ರ, ಕುಡಿಸಬ್ಯಾಡ್ರಿ." ಹಳೆ ಕಾಟನ್ ಬಟ್ಟೆಗೆ ನಾಲ್ಕೈದು ಹನಿ ಹಾಕಿ, ಆ ಬಟ್ಟೆಯಿಂದ ಒರೆಸಿದ ಹಾಗೆ ಹಚ್ಚಿ. ಒಂದು ಕಾಲಿನ ಚಪ್ಪಲಿಗೆ ಅಷ್ಟೇ. ರಾತ್ರಿ ಹಚ್ಚಿ, ಬೆಳಿಗ್ಗೆ ಒಣಬಟ್ಟೆಯಲ್ಲಿ ಒರೆಸಿ. ಎರಡು ದಿನ ಬಿಟ್ಟು ಮುಟ್ಟಿ ನೋಡಿ. ಇನ್ನೂ ಒಣಕಲು ಅನ್ನಿಸಿದರೆ ಮತ್ತೊಂದು ಸಲ. ಮೂರು ಸಲಕ್ಕಿಂತ ಜಾಸ್ತಿ ನನಗಂತೂ ಬೇಕಾಗಿಲ್ಲ. ಎಣ್ಣೆ ಹೆಚ್ಚಾದರೆ ತೊಗಲು ಜೋತುಬೀಳುತ್ತದೆ, ಪಟ್ಟಿ ಹಿಡಿತ ಕಳೆದುಕೊಳ್ಳುತ್ತದೆ. ಕಚ್ಚುವ ಚಪ್ಪಲಿಗೆ ಉಪಾಯ ಇದೆ, ಜೋತುಬಿದ್ದದ್ದಕ್ಕೆ ಇಲ್ಲ.

ಈಗ ನಡೆಯಿರಿ

ಮೊದಲೆರಡು ದಿನ ಮನೆಯೊಳಗೇ, 15-20 ನಿಮಿಷ. ಹಳೆ ಕಾಟನ್ ಸಾಕ್ಸ್ ಹಾಕಿಕೊಳ್ಳಿ. ಹೆಬ್ಬೆರಳು ಬೇರೆ ಇರುವ ಸಾಕ್ಸ್ ಸಿಕ್ಕರೆ ಇನ್ನೂ ಒಳ್ಳೆಯದು. ಕೆಂಪು, ಕಂದು ಬಣ್ಣ ಬಿಡುವುದುಂಟು, ಬಿಳಿ ಸಾಕ್ಸ್ ಬೇಡ. ಮನೆಯವರು ನಗುತ್ತಾರೆ. ನಗಲಿ ಬಿಡಿ.

ಸುಮ್ನೆ ಹಾಕಿಕೊಂಡು ಟಿವಿ ಮುಂದೆ ಕೂತರೆ ಪ್ರಯೋಜನ ಇಲ್ಲ. ಪಾದ ಮಡಚಬೇಕು, ಬೆವರಬೇಕು. ಮೆಟ್ಟಿಲು ಹತ್ತಿ ಇಳಿಯಿರಿ, ಪಾತ್ರೆ ತೊಳೆಯಿರಿ, ಫೋನಲ್ಲಿ ಮಾತಾಡುತ್ತಾ ಹಾಲ್‌ನಲ್ಲಿ ಓಡಾಡಿ. ಬಿಚ್ಚಿದ ಮೇಲೆ ಇಡೀ ರಾತ್ರಿ ಗಾಳಿಗೆ ಬಿಡಿ, ಶೂ ರ‍್ಯಾಕಿನೊಳಗೆ ತುರುಕಬೇಡಿ. ಹೀರಿಕೊಂಡ ಬೆವರು ಒಣಗುವಾಗಲೇ ಹೊಸ ಆಕಾರ ನಿಲ್ಲುವುದು.

ಮೂರನೇ ದಿನದಿಂದ ಅರ್ಧ ಗಂಟೆ. ಸಾಕ್ಸ್ ಬಿಟ್ಟು, ಹೆಬ್ಬೆರಳಿನ ಬುಡಕ್ಕೆ, ಪಾದದ ಮೇಲ್ಭಾಗಕ್ಕೆ ಚೂರು ವ್ಯಾಸಲೀನ್ ಹಚ್ಚಿಕೊಳ್ಳಿ. ವಾರ ಕಳೆಯುವಷ್ಟರಲ್ಲಿ ಒಂದು ಗಂಟೆ ಹಾಕಬಲ್ಲಿರಿ. ಎರಡನೇ ವಾರ ಹಾಲಿನಂಗಡಿ, ತರಕಾರಿ ಅಂಗಡಿಗೆ ಹಾಕಿಕೊಂಡು ಹೋಗಿ. ದಿನ ಬಿಟ್ಟು ದಿನ ಹಾಕಿದರೆ ಸಾಕು. ಎರಡು ಮೂರು ಅಟ್ಟೆಯ ಭಾರದ ಚಪ್ಪಲಿಯಾದರೆ ತಿಂಗಳೇ ಹಿಡಿದೀತು. ಕಾಲು ಕೆಂಪಾದ ದಿನ ನಿಲ್ಲಿಸಿ. ಹಟ ಹಿಡಿದು ನಡೆದರೆ ಪಳಗುವುದು ಚಪ್ಪಲಿಯಲ್ಲ, ಸುಲಿಯುವುದು ಕಾಲು.

ಇಷ್ಟಾದರೂ ಒಂದೇ ಒಂದು ಜಾಗ ಒತ್ತುತ್ತಿದ್ದರೆ, ಅಷ್ಟೇ ಭಾಗವನ್ನು ಒಳಗಿನಿಂದ ಒದ್ದೆ ಬಟ್ಟೆಯಲ್ಲಿ ತೇವ ಮಾಡಿ, ಹಾಕಿಕೊಂಡು ಒಣಗುವವರೆಗೆ ಓಡಾಡಿ. ಇಲ್ಲವೇ ಪೇಪರ್ ಬಿಗಿಯಾಗಿ ಸುತ್ತಿ ಪಟ್ಟಿಯ ಕೆಳಗೆ ತುಂಬಿ ಒಂದು ರಾತ್ರಿ ಬಿಡಿ. ತೇವ ಅಂದರೆ ತೇವ, ನೆನೆಸುವುದಲ್ಲ.

ಬಕೆಟ್ ಪ್ರಸಂಗ

ನೆನೆಸಿದವನು ನಾನೇ. ಮದುವೆ ಮನೆಯಲ್ಲಿ ಯಾರೋ "ಬಿಸಿನೀರಲ್ಲಿ ಒಂದು ರಾತ್ರಿ ಅದ್ದಿಡಿ, ಬೆಣ್ಣೆ ಆಗುತ್ತೆ" ಅಂದಿದ್ದರು. ಬೆಂಗಳೂರಿಗೆ ಬಂದು ಗೀಸರಿನ ಕುದಿಯುವಂಥ ನೀರನ್ನೇ ಬಕೆಟ್‌ಗೆ ಬಿಟ್ಟು ಎರಡೂ ಚಪ್ಪಲಿ ಮುಳುಗಿಸಿದೆ. ಬೆಳಿಗ್ಗೆ ನೀರು ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ತೊಗಟೆಯ ಸಾರವೆಲ್ಲ ಬಕೆಟ್ಟಿನಲ್ಲಿ. ಬೇಗ ಒಣಗಲಿ ಅಂತ ಟೆರೇಸಿನ ಬಿಸಿಲಿಗಿಟ್ಟೆ. ಮಧ್ಯಾಹ್ನ ಹೋಗಿ ನೋಡಿದರೆ ಕರಿದ ಹಪ್ಪಳದ ಹಾಗೆ ನಾಲ್ಕೂ ಕಡೆ ಮೇಲಕ್ಕೆದ್ದಿತ್ತು. ಬಾರಿಸಿದರೆ ಟಣ್ ಟಣ್. ಒದ್ದೆ ತೊಗಲಿಗೆ ಜಾಸ್ತಿ ಬಿಸಿ ತಾಗಿದರೆ ನಾರುಗಳು ಮುದುಡಿಬಿಡುತ್ತವೆ, ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಹೇರ್ ಡ್ರೈಯರ್, ಒಲೆಯ ಹತ್ತಿರ ಇಡುವುದು, ಇವೂ ಅದೇ ಜಾತಿ.

ಆ ಜೊತೆ ಕಸಕ್ಕೆ ಹೋಯಿತು. ಮಾವನಿಗೆ ಇವತ್ತಿಗೂ ಹೇಳಿಲ್ಲ.

ಗುಳ್ಳೆ ಎದ್ದರೆ

ಒಡೆಯಬೇಡಿ. ತೊಳೆದು, ಒರೆಸಿ, ಮೇಲೆ ಪ್ಲಾಸ್ಟರ್ ಹಾಕಿ, ವಾಸಿಯಾಗುವ ತನಕ ಆ ಚಪ್ಪಲಿ ಮುಟ್ಟಬೇಡಿ. ಸಕ್ಕರೆ ಕಾಯಿಲೆ ಇರುವವರು ಈ ಲೇಖನದ ಉಪಾಯಗಳನ್ನು ತಮ್ಮ ಕಾಲಿನ ಮೇಲೆ ಪ್ರಯೋಗ ಮಾಡುವುದೇ ಬೇಡ. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಚಪ್ಪಲಿ ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಸಣ್ಣ ಗಾಯ ದೊಡ್ಡದಾಗುತ್ತದೆ. ಅಂಥವರು ಮೆತ್ತನೆಯದನ್ನೇ ಹಾಕಲಿ.

ಮಳೆ ಮತ್ತು ಸದ್ದು

ಮಳೆಗಾಲಕ್ಕೆ ಇದು ಚಪ್ಪಲಿಯಲ್ಲ. ಅಟ್ಟೆ ನೀರು ಕುಡಿದು ಊದುತ್ತದೆ, ಹೊಲಿಗೆ ಸಡಿಲವಾಗುತ್ತದೆ. ಅಕಸ್ಮಾತ್ ನೆನೆದರೆ ಪೇಪರ್ ಮೇಲಿಟ್ಟು ನೆರಳಲ್ಲಿ, ಫ್ಯಾನ್ ಗಾಳಿಗೆ ಒಣಗಿಸಿ. ಮಲೆನಾಡು, ಕರಾವಳಿಯವರು ಜೂನ್ ಬರುವ ಮೊದಲೇ ಒಣಬಟ್ಟೆಯ ಚೀಲದಲ್ಲಿ ಎತ್ತಿಡುವುದು ವಾಸಿ. ಪ್ಲಾಸ್ಟಿಕ್ ಕವರ್‌ನಲ್ಲಿಟ್ಟರೆ ಬೂಸ್ಟು ಖಂಡಿತ.

ಇನ್ನು ಆ ಕರ್ ಕರ್ ಸದ್ದು. ಒಣ ತೊಗಲಿನ ಪದರಗಳು ಒಂದಕ್ಕೊಂದು ತಿಕ್ಕುವುದರಿಂದ ಬರುತ್ತದೆ. ಬೇಡವಾದರೆ ಪದರಗಳ ಸಂದಿಗೆ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ. ಆದರೆ ಬೆಳಗಾವಿ ಕಡೆಯ ಹಿರಿಯರ ಮುಂದೆ ಇದನ್ನು ಹೇಳಬೇಡಿ. ಸದ್ದು ಬರಲೆಂದೇ ಅಟ್ಟೆಗಳ ನಡುವೆ ಬೀಜ ಇಡಿಸಿ ಹೊಲಿಸಿಕೊಂಡವರು ಅವರು. ಗೌಡರು ಬರುವುದು ಓಣಿಯ ತುದಿಯಿಂದಲೇ ಗೊತ್ತಾಗಬೇಕಲ್ವಾ!

ಬಕೆಟ್‌ನಲ್ಲಿ ಸತ್ತ ಜೊತೆಯ ಮೇಲೆ ಇನ್ನೊಂದು ಕೊಂಡೆ. ಚಮಚ, ಹರಳೆಣ್ಣೆ, ಸಾಕ್ಸ್ ಎಲ್ಲ ಕ್ರಮವಾಗಿ ಮಾಡಿದೆ. ಹದಿನೆಂಟನೇ ದಿನ ಲಾಲ್‌ಬಾಗ್ ಒಂದು ಸುತ್ತು ಹಾಕಿ ಬಂದರೂ ಕಾಲಲ್ಲಿ ಚಪ್ಪಲಿ ಇದೆ ಅನ್ನೋದು ಮರೆತಿತ್ತು. ಹೋದ ಯುಗಾದಿಗೆ ಅದನ್ನೇ ಹಾಕಿಕೊಂಡು ಚಿಕ್ಕೋಡಿಗೆ ಹೋದೆ. ಬೆಳಗಿನ ನಸುಗತ್ತಲಲ್ಲಿ ಮಾವ ತಮ್ಮದೇ ಅಂದುಕೊಂಡು ನನ್ನ ಚಪ್ಪಲಿ ಮೆಟ್ಟಿ ಬೇವಿನ ಹೂ ತರಲು ಹೋದರು. ಇಬ್ಬರದೂ ಒಂದೇ ಅಳತೆ. ಹತ್ತು ನಿಮಿಷಕ್ಕೆ ಕುಂಟುತ್ತಾ ವಾಪಸ್ ಬಂದು, ಹೊಸ್ತಿಲ ಹೊರಗೆ ಬಿಚ್ಚಿ ಹೇಳಿದರು: "ಅಳಿಯಂದ್ರ, ನಿಮ್ಮ ಚಪ್ಪಲ್ಲಿ ನನಗ ಕಚ್ಚಿದ್ವು ನೋಡ್ರಿ."