ನೋವಿಲ್ಲದ ಇಸ್ಕೀಮಿಯಾ: ವಾರ್ಡಿನಲ್ಲಿ ಇಸಿಜಿಯಿಂದ ಹಿಡಿಯುವ ಬಗೆ

ದಾವಣಗೆರೆಯ ವಾರ್ಡುಗಳಲ್ಲಿ "ಎದೆನೋವು ಐತೇನ್ರಿ?" ಎಂದರೆ ಹಳೆಯ ಸಕ್ಕರೆ ಕಾಯಿಲೆಯವರು "ಇಲ್ರೀ ಸರ, ಗ್ಯಾಸ್ ಆಗೈತಿ, ಸುಸ್ತು ಅಷ್ಟೇ" ಅಂತಾರೆ. ಸಕ್ಕರೆಯಿಂದ ನರಗಳು ಮಂಕಾಗಿ ಹಲವರಿಗೆ ಇಸ್ಕೀಮಿಯಾದ, ಅಂದರೆ ಹೃದಯದ ಸ್ನಾಯುವಿಗೆ ರಕ್ತ ಸಾಲದಾದಾಗಿನ, ನೋವೇ ಗೊತ್ತಾಗುವುದಿಲ್ಲ. ಆಪರೇಷನ್ ಆದವರಲ್ಲಿ ನೋವಿನ ಇಂಜೆಕ್ಷನ್ ಅದನ್ನು ಮುಚ್ಚಿಹಾಕುತ್ತದೆ. ಹಾಗಾಗಿ ಇಂಥವರಿಗೆ ಆಪರೇಷನ್‌ಗೆ ಮೊದಲೇ ಒಂದು ಇಸಿಜಿ ತೆಗೆದಿಡುತ್ತೇವೆ, ಆಮೇಲೆ ಮೂರು ದಿನ ದಿನಕ್ಕೊಂದು. ಪಕ್ಕದಲ್ಲಿಟ್ಟು ನೋಡಲು ಹಳೆಯ ಪಟ್ಟಿ ಇಲ್ಲದಿದ್ದರೆ ಎಸ್‌ಟಿಯ (ಕ್ಯೂಆರ್‌ಎಸ್ ಎಂಬ ಚೂಪು ಅಲೆಯ ನಂತರದ ಗೆರೆ) ಅರ್ಧ ಮಿಲಿಮೀಟರ್ ಇಳಿತ ಹೊಸದೋ ಹಳೆಯದೋ ಹೇಳುವುದು ಹೇಗೆ?

ಎಲೆಕ್ಟ್ರೋಡ್ ಜಾಗ ತಪ್ಪಿದರೆ ಆ ಹೋಲಿಕೆಯೂ ದಂಡ. ಎದೆಗೆ ಹಚ್ಚುವವುಗಳಲ್ಲಿ ವಿ1, ವಿ2 ನಾಲ್ಕನೇ ಪಕ್ಕೆಲುಬಿನ ಸಂದಿಯಲ್ಲಿ, ಎದೆಮೂಳೆಯ ಬಲಕ್ಕೊಂದು ಎಡಕ್ಕೊಂದು. ಅವಸರದಲ್ಲಿ ಇವನ್ನು ಮೇಲೆ ಹಚ್ಚಿಬಿಡುತ್ತಾರೆ. ಎದೆಮೂಳೆಯ ಉಬ್ಬನ್ನು ಬೆರಳಿಂದ ಹುಡುಕಿ, ಅದರ ಪಕ್ಕ ಸಿಗುವ ಎರಡನೇ ಪಕ್ಕೆಲುಬಿನಿಂದ ಕೆಳಕ್ಕೆ ಎಣಿಸಬೇಕು. ವಿ4 ಐದನೇ ಸಂದಿಯಲ್ಲಿ, ಕಾಲರ್ ಮೂಳೆಯ ನಡುವಿನ ನೇರಕ್ಕೆ. ವಿ5, ವಿ6 ಅದೇ ಮಟ್ಟದಲ್ಲಿ ಬಗಲಿನ ಕಡೆಗೆ. ಮೊದಲ ದಿನವೇ ಮಾರ್ಕರ್‌ನಿಂದ ಚುಕ್ಕೆ ಇಟ್ಟರೆ ಮರುದಿನದ ಡ್ಯೂಟಿಯವರೂ ಅಲ್ಲೇ ಹಚ್ಚುತ್ತಾರೆ. ಏಪ್ರಿಲ್ ಸೆಕೆಯಲ್ಲಿ ಬೆವರಿಗೆ ಗೆರೆ ತೇಲಾಡುತ್ತದೆ. ಸ್ಪಿರಿಟ್‌ನಿಂದ ಒರೆಸಿ, ಆರಿದ ಮೇಲೆ ಒಣ ಗಾಜ್‌ನಿಂದ ಮೆಲ್ಲಗೆ ಉಜ್ಜಿ.

ಕಾಗದದ ವೇಗ ಸೆಕೆಂಡಿಗೆ 25 ಮಿಮೀ, ಎತ್ತರ ಮಿಲಿವೋಲ್ಟ್‌ಗೆ 10 ಮಿಮೀ. ಪಟ್ಟಿಯ ಅಂಚಿನಲ್ಲಿ ಅಚ್ಚಾಗುವ ಫಿಲ್ಟರ್ (ಗೆರೆಯ ಅಲುಗಾಟ ಸೋಸುವ ಸೆಟ್ಟಿಂಗ್) ಸಂಖ್ಯೆಯನ್ನು ಯಾರೂ ನೋಡುವುದಿಲ್ಲ, ನೋಡಬೇಕು. ಕೆಳಮಿತಿ 0.05 ಹರ್ಟ್ಜ್ ಇರಲಿ. ಹಳೆಯ ಮಾನಿಟರಿನಲ್ಲಿ 0.5 ಇಟ್ಟರೆ ಗೆರೆ ನೆಟ್ಟಗೆ ನಿಲ್ಲುತ್ತದೆ, ಆದರೆ ಇಲ್ಲದ ಎಸ್‌ಟಿ ಇಳಿತ ಕಾಣಿಸುತ್ತದೆ.

ಅಕ್ಕಪಕ್ಕದ ಎರಡು ಲೀಡ್‌ಗಳಲ್ಲಿ (ಹೃದಯವನ್ನು ಒಂದೊಂದು ಕೋನದಿಂದ ತೋರಿಸುವ ಗೆರೆಗಳು) ಎಸ್‌ಟಿ ಹೊಸದಾಗಿ 0.5 ಮಿಮೀ ಅಥವಾ ಹೆಚ್ಚು, ಸಮತಲವಾಗಿಯೋ ಕೆಳಮುಖವಾಗಿಯೋ ಇಳಿದಿದ್ದರೆ ಬಿಡುವ ಹಾಗಿಲ್ಲ. ಮೈಗೆ ಕಟ್ಟಿ ಇಡೀ ದಿನ ಇಸಿಜಿ ದಾಖಲಿಸುವ ಹೋಲ್ಟರ್‌ನಲ್ಲಿ ಅಳತೆ ಬೇರೆ: 1 ಮಿಮೀ ಇಳಿತ, ಕನಿಷ್ಠ 1 ನಿಮಿಷ. ಬಂದುಹೋಗುವ ಇಳಿತ ಹತ್ತು ಸೆಕೆಂಡಿನ ಪಟ್ಟಿಗೆ ಸಿಗದೇ ಇರಬಹುದು, ಅದಕ್ಕೇ ಅನುಮಾನವಿದ್ದವರಿಗೆ ಹೋಲ್ಟರ್ ಕಟ್ಟುತ್ತೇವೆ. ರೋಗಿ ಮಗ್ಗುಲು ಬದಲಿಸಿದರೂ ಎಸ್‌ಟಿ ಜಾರುತ್ತದೆ. ಆದರೆ ಅದು ದಿಢೀರನೆ, ಕ್ಯೂಆರ್‌ಎಸ್ ಆಕಾರವೂ ಜೊತೆಗೇ ಬದಲಾಗುತ್ತದೆ. ಇಸ್ಕೀಮಿಯಾದ್ದು ನಿಧಾನವಾಗಿ ಇಳಿದು ನಿಧಾನವಾಗಿ ಏರುತ್ತದೆ. ಡಿಗಾಕ್ಸಿನ್ ಎಂಬ ಹೃದಯದ ಔಷಧಿ, ಪೊಟ್ಯಾಸಿಯಂ ಕೊರತೆ, ಬಿಪಿಯಿಂದ ದಪ್ಪಗಾದ ಹೃದಯ ಕೂಡ ಮೋಸ ಮಾಡುತ್ತವೆ. ಎಡ ಬಂಡಲ್ ಬ್ಲಾಕ್ (ಹೃದಯದ ಎಡಭಾಗಕ್ಕೆ ವಿದ್ಯುತ್ ಒಯ್ಯುವ ದಾರಿಯಲ್ಲಿ ತಡೆ) ಇದ್ದರಂತೂ ಈ ಅಳತೆ ಕೈಬಿಡಿ.

ಇಳಿತ ಕಂಡರೆ 15 ನಿಮಿಷಕ್ಕೆ ಇನ್ನೊಂದು ಇಸಿಜಿ, ಟ್ರೋಪೋನಿನ್ (ಹೃದಯದ ಸ್ನಾಯುವಿಗಾದ ಪೆಟ್ಟು ತೋರಿಸುವ ರಕ್ತಪರೀಕ್ಷೆ), ಜೊತೆಗೆ ನಾಡಿ, ಬಿಪಿ, ಹಿಮೋಗ್ಲೋಬಿನ್. ಆಪರೇಷನ್ ಆದವರಲ್ಲಿ ಎಷ್ಟೋ ಸಲ ಮೂಲ ಇರುವುದು ಓಡುತ್ತಿರುವ ನಾಡಿಯಲ್ಲೋ ರಕ್ತ ಕಮ್ಮಿಯಾಗಿರುವುದರಲ್ಲೋ. ಇಸಿಜಿಯ ಥರ್ಮಲ್ ಕಾಗದ ಮಾಸುತ್ತದೆ, ಸ್ಪಿರಿಟ್ ತಾಕಿದರೆ ಅಲ್ಲೇ ಹಾಳು. ಅಂದೇ ಜೆರಾಕ್ಸ್ ಮಾಡಿಸಿ ಕೇಸ್‌ಶೀಟ್‌ಗೆ ಹಚ್ಚಿ.