ಬಾಡಿಗೆ ಮನೆ ಖಾಲಿ ಮಾಡಿಸಲು ನೋಟಿಸ್ ಕೊಡುವುದು ಹೇಗೆ?

ಕರಾರು ಮುಗಿದರೂ ಬಾಡಿಗೆದಾರರು ಮನೆ ಬಿಡದಿದ್ದರೆ ಬೀಗ ಜಡಿಯಬೇಡಿ, ನೀರು, ಕರೆಂಟು ಕಡಿಯಬೇಡಿ. ಹಾಗೆ ಬಲವಂತವಾಗಿ ಹೊರಹಾಕಿದರೆ ಅವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಮನೆ ಯಾರ ಹೆಸರಿನಲ್ಲಿದೆ ಎಂಬುದು ಆ ದಾವೆಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಮೊದಲು ಯಾವ ಕಾನೂನು ಅನ್ವಯಿಸುತ್ತದೆ ನೋಡಿ. ಕರ್ನಾಟಕ ಬಾಡಿಗೆ ಕಾಯ್ದೆ 1999 ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂ., ಉಳಿದೆಡೆ 2,000 ರೂ. ಮೀರಿದ ಬಾಡಿಗೆಯ ಕಟ್ಟಡಗಳನ್ನು ಹೊರಗಿಟ್ಟಿದೆ. ಹೀಗಾಗಿ ಇಂದಿನ ಬಹುತೇಕ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಗತಿ. ಅದರ 106ನೇ ಕಲಂ ಪ್ರಕಾರ ತಿಂಗಳ ಬಾಡಿಗೆಗೆ 15 ದಿನಗಳ ನೋಟಿಸ್ ಸಾಕು. ಕರಾರಿನಲ್ಲಿ ಎರಡು ತಿಂಗಳು ಎಂದಿದ್ದರೆ ಎರಡು ತಿಂಗಳೇ ಕೊಡಬೇಕು. ನೋಂದಣಿಯಾಗದ ಮೂರು ವರ್ಷದ ಕರಾರು ನೆಚ್ಚಬೇಡಿ. ಒಂದು ವರ್ಷ ಮೀರಿದ್ದನ್ನು ನೋಂದಾಯಿಸಲೇಬೇಕು.

ನೋಟಿಸ್‌ನಲ್ಲಿ ಮನೆಯ ವಿಳಾಸ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ), ಬಾಡಿಗೆ ಮೊತ್ತ, ಬಾಕಿ ಬರೆಯಿರಿ. ಬಹಳ ಮಂದಿ ಎಡವುವುದು ಒಂದು ವಾಕ್ಯದಲ್ಲಿ. ‘ಬಾಕಿ ಕಟ್ಟಿ, ಇಲ್ಲವೇ ಕ್ರಮ ಕೈಗೊಳ್ಳುತ್ತೇವೆ’ ಎಂದರೆ ಸಾಲದು. ‘ನಿಮ್ಮ ಬಾಡಿಗೆದಾರಿಕೆಯನ್ನು ಕೊನೆಗೊಳಿಸಿದ್ದೇವೆ, ಇದು ತಲುಪಿದ 15 ದಿನ ಮುಗಿದೊಡನೆ ಸ್ವಾಧೀನ ಬಿಟ್ಟುಕೊಡಿ’ ಎಂದು ಬಿಡಿಸಿ ಬರೆದು ಸಹಿ ಹಾಕಬೇಕು. ತಲುಪಿದ್ದಕ್ಕೆ ದಾಖಲೆ ಸಿಗುವ ಅಂಚೆಯಲ್ಲಿ ಕಳಿಸಿ. ದಿನದ ಲೆಕ್ಕ ಶುರುವಾಗುವುದು ತಲುಪಿದ ದಿನದಿಂದ, ಬರೆದ ದಿನದಿಂದಲ್ಲ. ಕೈಗೆ ಕೊಡಲಾಗದಿದ್ದರೆ ಬಾಗಿಲಿಗೆ ಅಂಟಿಸಿ, ಫೋಟೊ ತೆಗೆದಿಡಿ.

ಅವಧಿ ಮುಗಿದ ಮೇಲೆ ಬಂದ ಹಣಕ್ಕೆ ‘ಬಾಡಿಗೆ’ ಎಂದು ರಸೀದಿ ಕೊಟ್ಟರೆ, ನೋಟಿಸ್ ಕೈಬಿಟ್ಟಿದ್ದೀರಿ ಎಂಬ ವಾದ ಎದ್ದೇಳುತ್ತದೆ. ‘ನೋಟಿಸ್ ಹಕ್ಕಿಗೆ ಬಾಧೆಯಿಲ್ಲದೆ, ಬಳಕೆಯ ಪರಿಹಾರವಾಗಿ’ ಎಂದು ನಮೂದಿಸಿ. ಆಮೇಲೂ ಬಿಡದಿದ್ದರೆ ದಾವೆಯೇ ದಾರಿ.

ಈ ದಾರಿ ನಿಧಾನದ್ದು, ಬದಲಾಗಬೇಕಾದದ್ದು. ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಪ್ರಕಾರ, ಅವಧಿ ಮೀರಿ ಉಳಿದವರು ಮೊದಲ ಎರಡು ತಿಂಗಳು ಇಮ್ಮಡಿ, ನಂತರ ನಾಲ್ಕು ಪಟ್ಟು ಬಾಡಿಗೆ ತೆರಬೇಕು. ಆದರೆ ರಾಜ್ಯ ಕಾನೂನು ಮಾಡದೆ ಅದು ಜಾರಿಯಾಗದು. ಶಾಸಕರಿಗೆ ಮನವಿ ಕೊಡುವ ಮಾಲೀಕರು ‘ನ್ಯಾಯ ಕೊಡಿಸಿ’ ಎಂದಷ್ಟೇ ಬರೆಯದೆ, ಯಾವ ಅಂಶ ಬೇಕೆಂದು ಹೆಸರಿಸಿ, ತಮ್ಮ ದಾವೆಯ ದಿನಾಂಕಗಳ ಪಟ್ಟಿ ಲಗತ್ತಿಸಲಿ. ಅದೇ ಮಾದರಿ ವಾಸದ ಮನೆಯ ಅಡ್ವಾನ್ಸ್ ಅನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಪಡೆಯುವವರು ಇದನ್ನೂ ಒಪ್ಪಿಯೇ ಮನವಿಗೆ ಸಹಿ ಹಾಕಬೇಕು.